ಬೆಲಾರ್ಮಿನೋ ದೋಣಿ ಹತ್ತಲಿಲ್ಲ

ಏಳನೆಯ ಅಧ್ಯಾಯದಲ್ಲಿ ಅವನು ದೋಣಿ ಹತ್ತಬೇಕಿತ್ತು.
ಮೊದಲ ದಿನವೇ ಬರೆದಿಟ್ಟಿದ್ದೆ
ವಸತಿಗೃಹದ ಲೆಕ್ಕದ ಪುಸ್ತಕದ ಕೊನೇ ಪುಟದಲ್ಲಿ,
ಕೆಂಪು ಪೆನ್ಸಿಲಿನಿಂದ ಬಾಣ ಎಳೆದೆಳೆದು:
ಸಾಲ, ಜಗಳ, ದೋಣಿ, ಬಿರುಗಾಳಿ, ಸಾವು.
ಅದರ ಮೇಲುಗಡೆ ಆರನೇ ಕೋಣೆಯ ಬಾಕಿ.

ಪುಂತಾ ಅರೆನಾಸಿನಲ್ಲಿ ಗಾಳಿಗೆ ಬಿಡುವಿಲ್ಲ.
ಕೆಲವು ದಿನ ಬೀದಿಯ ಮೂಲೆಗೆ ಹಗ್ಗ ಕಟ್ಟುತ್ತಾರೆ,
ಜನ ಹಿಡಿದು ನಡೆಯಲಿ ಅಂತ.
ನಾನು ಎದುವೀನಾ, ರಾತ್ರಿಪಾಳಿಯವಳು.
ಬೆಲ್ ಒತ್ತಿದವರಿಗೆ ಬಾಗಿಲು ತೆರೆದು, ಬೀಗದಕೈ ಕೊಟ್ಟು,
ಮತ್ತೆ ಬಂದು ಕೂತು ಅವನನ್ನು ತಳ್ಳುತ್ತಿದ್ದೆ.

ಏನೇನು ಮಾಡಲಿಲ್ಲ!
ಸಾಲ ಇಮ್ಮಡಿಯಾಯಿತು.
ಅವನ ತಾಯಿಯನ್ನು ಎರಡನೇ ಅಧ್ಯಾಯದಲ್ಲೇ ಕೊಂದೆ,
ಒಂದೂವರೆ ಸಾಲಿನಲ್ಲಿ, ಪಾಪ,
ಚೆನ್ನಾಗಿ ಮಾತಾಡುತ್ತಿದ್ದ ಹೆಂಗಸು.
ಕುರಿ ಉಣ್ಣೆ ಕತ್ತರಿಸುವ ಅವನ ಕೊಟ್ಟಿಗೆಗೆ ಬೆಂಕಿಯಿಟ್ಟೆ.
ಬೂದಿ ಕೊಡವಿಕೊಂಡು ಧಕ್ಕೆಯವರೆಗೆ ಬಂದ,
ಹಲಗೆಯ ಮೇಲೆ ಒಂದು ಕಾಲಿಟ್ಟ,
ನಿಂತ.
'ಅವನು ಹತ್ತಿದ' ಎಂದು ಬರೆದೆ.
ಓದಿಕೊಂಡರೆ ಸುಳ್ಳು.
ವಾಕ್ಯ ಹತ್ತಿತ್ತು, ಅವನಲ್ಲ.

ಹಂದರವೇನೋ ಗಟ್ಟಿಯಾಗಿಯೇ ಇತ್ತು.
ನಾಲ್ಕು ಗೂಟ, ಅಡ್ಡಗಳು, ಬಿಗಿದ ಗಂಟು.
ಹಂದರಕ್ಕೇನು, ಎಲ್ಲಿ ನೆಟ್ಟರೂ ನಿಲ್ಲುತ್ತದೆ;
ಬಳ್ಳಿ ಕೇಳಬೇಕಲ್ಲ.

ಒಂದು ರಾತ್ರಿ ಎರಡು ಗಂಟೆಗೆ
ನಾಲ್ಕನೇ ಕೋಣೆಯ ಮುದುಕ ಯೆರ್ಕೋ ಇಳಿದು ಬಂದ.
ನಿದ್ದೆ ಹತ್ತಲಿಲ್ಲವಂತೆ, ಬಿಸಿನೀರು ಕೇಳಿದ.
ನೀರು ಕಾಯುವಾಗ ಕೋಟಿನ ಜೇಬಿನಿಂದ
ಚಿಲ್ಲರೆ ತೆಗೆದು ಮೇಜಿನ ಮೇಲೆ ಸುರಿದ.
ಚಿಲ್ಲರೆಯ ನಡುವೆ ಒಂದು ಗುಂಡಿ,
ಹಸಿರು, ದೊಡ್ಡದು, ಹೆಂಗಸರ ಕೋಟಿನದು.
"ನಿಮ್ಮದಾ?" ಅಂದೆ, ಪೆದ್ದಿಯ ಹಾಗೆ.
"ಅಲ್ಲ" ಅಂದ.
ಅಷ್ಟೇ. ನಾಣ್ಯಗಳನ್ನು ಒಂದು ಜೇಬಿಗೆ ಬಾಚಿ,
ಗುಂಡಿಯನ್ನು ಇನ್ನೊಂದು ಜೇಬಿಗೆ ಇಳಿಸಿ
ಲೋಟ ಹಿಡಿದು ಮೆಟ್ಟಿಲು ಹತ್ತಿದ.

ಕದ್ದೆ. ಒಪ್ಪಿಕೊಳ್ಳುತ್ತೇನೆ.
ಅವನ ಕೋಣೆಯ ಬಾಗಿಲು ಹಾಕಿಕೊಳ್ಳುವ ಮೊದಲೇ
ಗುಂಡಿ ಬೆಲಾರ್ಮಿನೋ ಜೇಬಿನಲ್ಲಿತ್ತು.
ಹಲಗೆಯ ಮೇಲೆ ಒಂಟಿಗಾಲಲ್ಲಿ ನಿಂತವನು
ಕೈ ಜೇಬಿಗೆ ಹಾಕಿ ಅದನ್ನು ಸವರುತ್ತಿದ್ದ,
ಅವನ ಕಣ್ಣು ದೋಣಿಯಲ್ಲಿ ಕೂತ ಅಂಬಿಗನ ಹೆಂಡತಿಯ ಮೇಲೆ.

ಅವಳ ಮೈಮೇಲೊಂದು ಹಸಿರು ಕೋಟು.
ಎದೆಯ ಹತ್ತಿರ ಗುಂಡಿ ಇಲ್ಲ,
ಅಲ್ಲಿ ಪಿನ್ನು.

ಆಗ ಕೇಳಿಸಿತು, ನಾನು ಕೊಂದ ತಾಯಿಯ ದನಿ,
ಎರಡನೇ ಅಧ್ಯಾಯದಿಂದ:
"ಹಸಿರು ಕೋಟಿನಲ್ಲೇ ನನ್ನನ್ನು ಮಣ್ಣು ಮಾಡು, ಮಗಾ.
ಚಳಿ ಅಂದರೆ ನನಗಾಗುವುದಿಲ್ಲ."
ಅವನು ಹೂಂ ಅಂದಿದ್ದ.
ಹೂಂ ಅಂದು, ದೋಣಿಯ ದುಡ್ಡಿಗೆ ಕೋಟು ಮಾರಿದ್ದ.
ಆಕೆಯನ್ನು ಮಣ್ಣಿಗಿಟ್ಟದ್ದು ಬರಿಯ ಹಚ್ಚಡದಲ್ಲಿ.

ಜಗಳ ಅಂತ ಬರೆದಿದ್ದೆನಲ್ಲ ಪಟ್ಟಿಯಲ್ಲಿ,
ಯಾರ ಜೊತೆ ಅಂತ ಬರೆದಿರಲಿಲ್ಲ.

ನೂರಹನ್ನೆರಡು ಹಾಳೆ ಹರಿದೆ.
ಒಲೆಗೆ ಹಾಕಿದರೆ ಹಸಿ ಸೌದೆಗಿಂತ ಚೆನ್ನಾಗಿ ಉರಿದವು.
ತಾಯಿಯನ್ನು ಮತ್ತೆ ಎಬ್ಬಿಸಿ ಕೂರಿಸಿದೆ,
ಈ ಸಲ ಸಾಯಲು ಅವಳಿಗೆ ಮೂವತ್ತು ಪುಟ ಕೊಟ್ಟೆ,
ಆಕೆ ನಲವತ್ತು ತೆಗೆದುಕೊಂಡಳು.
ಕೊಟ್ಟಿಗೆಯ ಬೆಂಕಿ ಆರಿಸಿದೆ.
ಬಿರುಗಾಳಿಯ ಮೇಲೆ ಕೆಂಪು ಗೀಟು ಎಳೆದೆ;
ಹೊರಗಿನದಕ್ಕೆ ಅದು ಗೊತ್ತಾಗಲಿಲ್ಲ,
ರಾತ್ರಿಯಿಡೀ ತಗಡು ಬಡಿಯಿತು.

ಯೆರ್ಕೋ ಗುರುವಾರ ಕೋಣೆ ಖಾಲಿ ಮಾಡಿದ.
ಬಿಲ್ಲು ಬರೆಯುತ್ತ ತುಟಿಯವರೆಗೆ ಬಂದಿತ್ತು, ಆ ಗುಂಡಿ ಯಾರದು?
ಕೇಳಲಿಲ್ಲ.
ಅವನು ನಿಜ ಹೇಳಿಬಿಟ್ಟಿದ್ದರೆ
ನನ್ನ ಕೈಯಿಂದ ಜಾರಿ ಅವನದಾಗುತ್ತಿತ್ತು.

ಬೆಲಾರ್ಮಿನೋ ಇನ್ನೂ ಧಕ್ಕೆಯಲ್ಲಿದ್ದಾನೆ.
ದೋಣಿ ಹೋಯಿತು. ಆಚೆ ದಡದ ದೀಪ ಹತ್ತಿದೆ.
ಗುಂಡಿ ಹಿಡಿದು ಎತ್ತ ನಡೆಯುತ್ತಾನೋ,
ಸ್ಮಶಾನದ ಕಡೆಗೋ, ಹೆಂಡದಂಗಡಿಗೋ,
ಮುಂದಿನ ದೋಣಿಗೆ ಕಾಯುತ್ತಾನೋ.
ಪೆನ್ಸಿಲ್ ಕೆಳಗಿಟ್ಟು ನೋಡುತ್ತಿದ್ದೇನೆ.

ಬೆಲ್ಲಾಯಿತು. ಆರನೇ ಕೋಣೆಯವನು,
ಬಾಕಿ ಕೊಡುವ ಮುಖವಲ್ಲ.